ಹೆದರಿಕೆ ಬಾರದವಳ ಸಾಕ್ಷಿ

ನರಕದ ಬಗ್ಗೆ ಯೋಚಿಸಲು ಕುಳಿತಾಗಲೆಲ್ಲ ಜೆರೂಶಾಗೆ ನಿದ್ದೆ ಬರುತ್ತಿತ್ತು. ಇವತ್ತೂ ಹಾಗೆಯೇ ಆಯಿತು. ಶನಿವಾರದ ಮಧ್ಯಾಹ್ನ, ಹೊತ್ತು ಮುಳುಗಿದರೆ ಸಬ್ಬತ್ತು ಹಿಡಿಯುತ್ತದೆ, ಆಮೇಲೆ ಪೊರಕೆ ಮುಟ್ಟುವಂತಿಲ್ಲ, ಕೊಡಲಿ ಎತ್ತುವಂತಿಲ್ಲ. ಅಷ್ಟರೊಳಗೆ ಬೀನ್ಸ್ ಕಾಳಿನ ಮಡಕೆ ಒಲೆಯ ಗೂಡು ಸೇರಬೇಕು, ನಾಳೆಗೆ ಜೋಳದ ರೊಟ್ಟಿ ಸುಟ್ಟಾಗಬೇಕು, ಗಂಡನ ಕತ್ತುಪಟ್ಟಿ ಒಗೆದು ಒಣಗಬೇಕು, ಇದೆಲ್ಲದರ ಸಂದಿಯಲ್ಲಿ ಎಲ್ಲಾದರೂ ಒಂದು ಕಡೆ ತನ್ನ ಆತ್ಮದ ಸ್ಥಿತಿಯನ್ನು ಕಂಡು ಅವಳ ಎದೆ ಝಲ್ಲೆನ್ನಬೇಕು. ಅತ್ತೆ ಡೊರ್ಕಸ್ ಹೇಳಿಕೊಟ್ಟ ಹಾಗೆ ಅವಳು ಮಣೆ ಎಳೆದುಕೊಂಡು ಒಲೆಯ ಮುಂದೆ ಕೂತಳು, ಬೆರಳುಗಳನ್ನು ಉರಿಯ ಹತ್ತಿರ ಹಿಡಿದಳು, ಈ ಬೆಂಕಿಯೇ ಎಂದೆಂದಿಗೂ, ಮುಗಿಯದ ಕಾಲದವರೆಗೂ, ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಬೆರಳಿಗೆ ಹಿತವಾಯಿತು. ನವೆಂಬರಿನ ಗಾಳಿ ಉಪ್ಪುನೀರಿನ ಜೌಗಿನ ಮೇಲಿಂದ ಬಂದು ಬಾಗಿಲ ಸಂದಿಯಲ್ಲಿ ನುಸುಳುತ್ತಿತ್ತು. ಎಡಗಡೆಯ ಕೊಳ್ಳಿ ಹಸಿಯದು, ಹೊಗೆ ಜಾಸ್ತಿ, ಗಂಡ ಓಬೆಡನಿಗೆ ಹೇಳಬೇಕು ಅನ್ನಿಸಿತು. ನರಕದಲ್ಲಿ ಒಣ ಸೌದೆಯೇ ಇರಬೇಕು ಅನ್ನಿಸಿತು. ಛೆ, ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಎಂದೆಂದಿಗೂ ಎನ್ನುವ ಮಾತು ತೊಟ್ಟಿಲ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ತೂಗಿ, ಅವಳ ಗಲ್ಲ ಎದೆಗೆ ತಾಗಿತು.

"ಬಂತೇನೇ?" ಎಂದಳು ಡೊರ್ಕಸ್, ಹಿಂದಿನಿಂದ.

ಜೆರೂಶಾ ದಡಬಡಿಸಿ ನೆಟ್ಟಗಾದಳು. "ಇಲ್ಲ ಅತ್ತೆ."

"ಒಂಚೂರೂ?"

"ಬೆಚ್ಚಗಾಯ್ತು."

ಮಾತಾಡದೆ ಇರುವುದರಲ್ಲಿ ಡೊರ್ಕಸ್ ಹೆಸರಾದವಳು. ಹಿಟ್ಟಿನ ಬೋಗುಣಿಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸಿ, ಅದನ್ನು ಯಾಕೆ ಸರಿಸಿದಳೆಂದು ಸೊಸೆ ಯೋಚಿಸಲು ಬೇಕಾದಷ್ಟು ಹೊತ್ತು ಕೊಟ್ಟು, ಮತ್ತೆ ಮೊದಲಿದ್ದ ಕಡೆಗೇ ಸರಿಸಿದಳು. ತೊಟ್ಟಿಲಲ್ಲಿ ಮಗಳು ಹುಲ್ದಾ ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತಂದುಕೊಳ್ಳುವ ಕೆಲಸದಲ್ಲಿದ್ದಳು. ಇನ್ನೂ ಹಲ್ಲು ಬಂದಿರಲಿಲ್ಲ, ದೀಕ್ಷಾಸ್ನಾನವೂ ಆಗಿರಲಿಲ್ಲ. ಸಭೆಯ ಒಡಂಬಡಿಕೆಯ ಒಳಗಿರುವವರ ಮಕ್ಕಳಿಗೆ ಮಾತ್ರ ಆ ನೀರು. ಒಳಗೆ ಬರಬೇಕಾದರೆ ತಂದೆಯೋ ತಾಯಿಯೋ ಇಡೀ ಸಭೆಯ ಮುಂದೆ ಎದ್ದು ನಿಂತು, ದೇವರ ಕೃಪೆ ತನ್ನನ್ನು ಹೇಗೆ ಹಿಡಿಯಿತು ಎಂದು ಸಾಕ್ಷಿ ಹೇಳಬೇಕು, ಸಭೆ ಅದನ್ನು ನಂಬಬೇಕು. ನಾಳೆ ಬೆಳಿಗ್ಗೆ ಪಾದ್ರಿಯ ಪ್ರಸಂಗ ಮುಗಿದ ಮೇಲೆ ಜೆರೂಶಾಳ ಸರದಿ. ಬೇರೆ ಊರುಗಳಲ್ಲಿ ಹೆಂಗಸರ ಸಾಕ್ಷಿಯನ್ನು ಪಾದ್ರಿಯೇ ಕೇಳಿಕೊಂಡು ಅವರ ಪರವಾಗಿ ಓದುತ್ತಾರಂತೆ. ಈ ಊರಿನ ಎಲ್ಲರ್ಬಿ ಪಾದ್ರಿಗೆ ಅದು ಒಪ್ಪಿಗೆಯಿಲ್ಲ. ಬಾವಿಕಟ್ಟೆಯಲ್ಲಿ ಬಾಯಿರುವವಳಿಗೆ ದೇವರ ಮನೆಯಲ್ಲಿ ಯಾಕಿಲ್ಲ ಎಂಬುದು ಅವರ ವಾದ.

ವಸಂತದಲ್ಲಿ ಓಬೆಡ್ ನಿಂತಿದ್ದ. ಅದನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ. ಪೀಪಾಯಿ ಮಾಡುವವನ ಅಗಲ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಟೋಪಿಯನ್ನು ಹೊಟ್ಟೆಗೆ ಒತ್ತಿಕೊಂಡು, "ನಾನು ಪಾಪಿ," ಎಂದು ಹೇಳಿ ಕೂರಲು ಹೊರಟಿದ್ದ. ಸಭೆಯ ಹಿರಿಯ ಗ್ರೈಸ್ ತಡೆದು, "ಸಹೋದರ, ಅದು ನಿನಗೆ ಹೇಗೆ ತಿಳೀತು?" ಎಂದು ಕೇಳಿದ್ದರು. ಓಬೆಡ್ ಪ್ರಾಮಾಣಿಕವಾಗಿ ಸ್ವಲ್ಪ ಹೊತ್ತು ಯೋಚಿಸಿ, "ಎಲ್ರೂ ಹೇಳ್ತಾರಲ್ಲ," ಎಂದ. ಹೆಂಗಸರ ಕಡೆಯ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಜೆರೂಶಾಗೆ ಗೊತ್ತಿತ್ತು. ಆಗ ತುಂಬು ಬಸುರಿ. ತನ್ನ ಹೊಟ್ಟೆಯೇ ಎಲ್ಲರ ಕಣ್ಣಿಗೆ ಬೀಳುತ್ತಿದೆ ಅನ್ನಿಸಿತ್ತು. ಇನ್ನಷ್ಟು ಕಾಲ ಕಾದು ನೋಡು ಎಂದು ಅವನಿಗೆ ಹೇಳಿದರು. ಓಬೆಡ್ ಮನೆಗೆ ಬಂದು ಹೊಟ್ಟೆತುಂಬ ಉಂಡು, ಸೋಮವಾರ ಎಂದಿನಂತೆ ಪೀಪಾಯಿಗೆ ಬಳೆ ಹಾಕುತ್ತ ಕೂತ. ಅವಮಾನವೆಲ್ಲ ಪೂರ್ತಿಯಾಗಿ ಅವಳಿಗೇ ಬಿಟ್ಟುಬಿಟ್ಟಿದ್ದ. ಆಮೇಲೆ ಹುಲ್ದಾ ಹುಟ್ಟಿದಳು. ಸಬ್ಬತ್ತಿನ ದಿನ ಬೇರೆಯವರ ಕೂಸುಗಳನ್ನು ನೀರಿನ ಬೋಗುಣಿಯ ಕಡೆಗೆ ಎತ್ತಿಕೊಂಡು ಹೋಗುವಾಗ ಪಕ್ಕದವರು ಜೆರೂಶಾಳ ಮಡಿಲ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು. ಅವರು ಆ ಪ್ರಯತ್ನವನ್ನು ಮಾಡುವುದು ಅವಳಿಗೆ ಕಾಣುತ್ತಿತ್ತು. ಬೇಲಿಯಾಚೆ ನಿಂತ ಕರುವಿನ ಹಾಗೆ ಹುಲ್ದಾ ಒಳಗಿನ ಎಲ್ಲವನ್ನೂ ಸಂತೋಷದಿಂದ ನೋಡುತ್ತಿದ್ದಳು. ಆ ಸಂತೋಷವನ್ನೇ ಜೆರೂಶಾಳಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ತನಗೆ ಕೃಪೆ ಇಲ್ಲವೆಂದೇನೂ ಜೆರೂಶಾಗೆ ಅನ್ನಿಸಿರಲಿಲ್ಲ. ಅದೇ ತೊಂದರೆ. ಭರತ ಇಳಿದ ಮೇಲೆ ಕೊಲ್ಲಿಯ ದಂಡೆಯಲ್ಲಿ ಚಿಪ್ಪು ಅಗೆಯುತ್ತಿದ್ದಾಗ, ಕೆಸರಿನ ಮೇಲೆ ಬೆಳಗಿನ ಬೆಳಕು ಹರಡಿದ್ದಾಗ, ಯಾವ ಕಾರಣವೂ ಇಲ್ಲದೆ ಎಲ್ಲ ಸರಿಯಾಗಿದೆ, ಯಾರೋ ತನ್ನನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಚಿಪ್ಪಿನ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಸುಮ್ಮನೆ ಖುಷಿಯಾದದ್ದನ್ನು ಯಾರ ಮುಂದೆ ಹೇಳುವುದು? ಸಾಕ್ಷಿಗೊಂದು ದಾರಿ ಇತ್ತು. ಚಿಕ್ಕಂದಿನಿಂದ ಕೇಳಿ ಕೇಳಿ ಅವಳಿಗೆ ಆ ದಾರಿಯ ಒಂದೊಂದು ತಿರುವೂ ಗೊತ್ತು. ಮೊದಲು ನಿರ್ಲಕ್ಷ್ಯದ ಯೌವನ, ಆಮೇಲೆ ಒಂದು ಸಾವೋ ಸಿಡಿಲೋ, ಆಮೇಲೆ ಭಯ. ಭಯ ಚೆನ್ನಾಗಿ ಕುದಿಯಬೇಕು, ಅವಸರ ಮಾಡುವಂತಿಲ್ಲ. ಆಮೇಲೆ ಸತ್ಯವೇದದ ಒಂದು ವಚನ ಬಂದು ಎದೆಗೆ ತಾಗುತ್ತದೆ. ಕೊನೆಗೆ ಸ್ವಲ್ಪ ಸಂಶಯ ಉಳಿದಿರಬೇಕು, ಯಾಕೆಂದರೆ ತಾನು ಉಳಿದೆನೆಂದು ಖಾತ್ರಿಯಾಗಿ ನಂಬಿದವನು ಖಾತ್ರಿಯಾಗಿ ಕೆಟ್ಟ ಎಂದು ಪಾದ್ರಿ ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ಜೆರೂಶಾ ಮೊದಲ ಮೆಟ್ಟಿಲಿನಿಂದ ಕಾಲೆತ್ತಿ, ನಡುವಿನ ಭಯವನ್ನು ತುಳಿಯದೆಯೇ, ಎಲ್ಲೋ ಅಂಗಳದಲ್ಲಿ ಇಳಿದುಬಿಟ್ಟಿದ್ದಳು. ಚಿಕ್ಕವಳಿದ್ದಾಗ ಒಮ್ಮೆ, ಸಭಾಮಂದಿರದಲ್ಲಿ ಕಾಲು ಮರಗಟ್ಟಿದ್ದ ಒಂದು ಚಳಿಗಾಲದಲ್ಲಿ, ನರಕದ ಪ್ರಸಂಗ ಕೇಳಿ ಬಂದು ಅಮ್ಮನನ್ನು ಕೇಳಿದ್ದಳು: ಅಲ್ಲಿ ಕಾಲೂ ಬೆಚ್ಚಗಿರುತ್ತಾ? ಅಮ್ಮ ಕಪಾಳಕ್ಕೆ ಕೊಟ್ಟಿದ್ದಳು. ಆ ಪೆಟ್ಟಿನ ಭಯವೂ ಸಂಜೆಯ ಹೊತ್ತಿಗೆ ಹೋಗಿತ್ತು.

"ನೋಡು," ಎಂದಳು ಡೊರ್ಕಸ್ ಕೊನೆಗೆ, ಹಿಟ್ಟು ತಟ್ಟುತ್ತ. "ನಂದನ್ನೇ ಹೇಳು. ನನ್ನದೇನು ಮುಚ್ಚಿಟ್ಟ ಮಾತಾ? ಎಲ್ರಿಗೂ ಒಳ್ಳೇದಾಗ್ಲಿ ಅಂತ ತಾನೇ ಹೇಳಿದ್ದು. ಕಾಲಡಿ ನೆಲ ಬಿರೀತು, ಒಂದು ಹುಲ್ಲೆಸಳು ಹಿಡ್ಕೊಂಡು ನೇತಾಡ್ತಿದ್ದೆ ಅಂತ ಶುರು ಮಾಡು. ಆ ಜಾಗದಲ್ಲಿ ಒಂದು ಸಲ ನಿಲ್ಸು. ಉಸಿರು ತಗೋ. ಜನ ಅಳೋಕೆ ಪುರುಸೊತ್ತು ಬೇಡ್ವಾ?"

"ನನಗೆ ನೆಲ ಬಿರೀಲಿಲ್ಲವಲ್ಲ ಅತ್ತೆ."

"ನಿಂತ್ಕೊಂಡ್ರೆ ಬಿರಿಯತ್ತೆ."

ಸಮುದ್ರ ದಾಟಿ ಈ ಹೊಸ ನಾಡಿಗೆ ಮೊದಲ ಹಡಗುಗಳಲ್ಲಿ ಬಂದವರಲ್ಲಿ ಡೊರ್ಕಸ್ ಒಬ್ಬಳು. ಅವಳ ಸಾಕ್ಷಿ ಕೇಳಿ ಆಗಿನ ಪಾದ್ರಿ ಕಣ್ಣೊರೆಸಿಕೊಂಡಿದ್ದರೆಂದು ಪ್ರತೀತಿ. ಆ ಹುಲ್ಲೆಸಳನ್ನು ಆಮೇಲಿನ ಹೆಂಗಸರು ಎಷ್ಟೋ ಜನ ಹಿಡಿದು ನೇತಾಡಿದರು. ಒಬ್ಬೊಬ್ಬರು ಅದನ್ನು ಬೇರು ಮಾಡಿದರು, ಬಳ್ಳಿ ಮಾಡಿದರು, ಒಬ್ಬಳು ಮೀನುಬಲೆಯ ದಾರ ಮಾಡಿದಳು. ಡೊರ್ಕಸ್ ಮಾತ್ರ ತನ್ನ ಬೆಂಚಿನಿಂದ ಅವರನ್ನು ನೋಡುವ ನೋಟದಲ್ಲಿ ಅದು ಹುಲ್ಲೆಸಳೇ ಎಂದು ಎಲ್ಲರಿಗೂ ನೆನಪಾಗುತ್ತಿತ್ತು.

ಬಾಗಿಲು ಕಿರುಗುಟ್ಟಿ ಕೆಜಾಯಾ ತಲೆ ಹಾಕಿದಳು. ಕಮ್ಮಾರನ ಹೊಸ ಹೆಂಡತಿ, ಕೃಶ ಹೆಂಗಸು, ಸದಾ ಈಗಷ್ಟೇ ಯಾರೋ ಗದರಿದ ಹಾಗೆ ಮುಖ. ಹೊತ್ತು ಮುಳುಗುವ ಮೊದಲು ಒಂದಿಷ್ಟು ಹುಳಿಹಿಟ್ಟು ಸಿಕ್ಕೀತಾ ಎಂದು ಕೇಳಿಕೊಂಡು ಬಂದಿದ್ದಳು. ಅವಳ ಸಾಕ್ಷಿಗೂ ದಿನ ಗೊತ್ತಾಗಿತ್ತು, ಜೆರೂಶಾಳದಾದ ಮುಂದಿನ ತಿಂಗಳು.

"ಅಕ್ಕಾ, ನಾಳೆ ನಿಮ್ದು. ನನಗೇ ಇಲ್ಲಿ ಎದೆ ಹೊಡ್ಕೊಳ್ತಿದೆ ನೋಡಿ. ನಿಮಗೆ ಹೇಗಿದೆ?"

"ನಿನಗೆ ಅದು ಹೇಗೆ ಬರತ್ತೆ ಕೆಜಾಯಾ?" ಎಂದು ಜೆರೂಶಾ ಕೇಳಿದಳು. ತೀರ ಕುತೂಹಲದಿಂದ, ಯಾರದೋ ಹೊಸ ಕಸೂತಿಯ ಬಗ್ಗೆ ಕೇಳುವ ಹಾಗೆ.

"ಯಾವ್ದು?"

"ಹೆದರಿಕೆ."

ಕೆಜಾಯಾ ತಬ್ಬಿಬ್ಬಾದಳು. "ಹೇಗೆ ಅಂದ್ರೆ? ಬರತ್ತೆ ಅಷ್ಟೇ. ಗುಡುಗಿದ್ರೆ ಬರತ್ತೆ. ಪ್ರಸಂಗದಲ್ಲಿ ಅಯ್ಯನವರು ಕೈ ಎತ್ತಿದ್ರೆ ಬರತ್ತೆ. ಬಾತುಕೋಳಿ ಅಟ್ಟಿಸ್ಕೊಂಡು ಬಂದ್ರೂ ಬರತ್ತೆ. ರಾತ್ರಿ ಎಚ್ಚರ ಆದ್ರೆ, ತಾನು ಆರಿಸ್ಕೊಂಡವರಲ್ಲಿ ನಾನಿಲ್ಲ ಅಂತ ದೇವರು ಯಾವತ್ತೋ ತೀರ್ಮಾನ ಮಾಡಿದಾನೆ, ನನಗಷ್ಟೇ ಗೊತ್ತಿಲ್ಲ ಅನ್ಸತ್ತೆ. ಆವಾಗ ನಮ್ಮವರನ್ನ ಎಬ್ಬಿಸ್ತೀನಿ. ಅವರು ಬೈತಾರೆ."

ಎಷ್ಟು ಸಲೀಸಾಗಿ ಹೇಳಿದಳು! ಜೆರೂಶಾ ಹಿಟ್ಟು ತೋಡುತ್ತ ಅವಳ ನಡುಗುವ ಗಲ್ಲವನ್ನು ಅಸೂಯೆಯಿಂದ ನೋಡಿದಳು. ದೇವರು ಒಬ್ಬಳಿಗೆ ಬಾತುಕೋಳಿಗೂ ಸಾಲುವಷ್ಟು ಹೆದರಿಕೆ ಕೊಟ್ಟು ಇನ್ನೊಬ್ಬಳ ಮನೆಯ ಬಾಗಿಲನ್ನೇ ತಟ್ಟದೆ ಹೋದನಲ್ಲ. ಹಾಗೆ ಅಸೂಯೆ ಪಟ್ಟದ್ದು ಪಾಪ ಎಂದು ಹೊಳೆದಾಗ ಅವಳಿಗೆ ಒಂದು ಕ್ಷಣ ಆಸೆ ಹುಟ್ಟಿತು. ಇದರಿಂದಲಾದರೂ ಏನಾದರೂ ಆದೀತು ಎಂದು ಕಾದಳು. ಏನೂ ಆಗಲಿಲ್ಲ. ಕೆಜಾಯಾಳ ಬಟ್ಟಲಿಗೆ ಹಿಟ್ಟು ಸ್ವಲ್ಪ ಹೆಚ್ಚೇ ಬಿದ್ದಿತ್ತು.

ಊಟದ ಹೊತ್ತಿಗೆ ಓಬೆಡ್ ಬಂದ. ಕೂದಲಲ್ಲಿ ಓಕ್ ಮರದ ಸಿಪ್ಪೆ. ಹುಲ್ದಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳಿಗೆ ಚಮಚೆ ಕೊಟ್ಟ, ಅವಳು ಅದರಿಂದ ಅವನ ಮೂಗಿಗೆ ಹೊಡೆದಳು.

"ಇರೋದನ್ನೇ ಹೇಳು," ಎಂದ.

"ಇರೋದನ್ನ ಹೇಳಿ ನೀವು ಎಲ್ಲಿದೀರಿ?"

"ನಾನಾ? ಇಲ್ಲೇ ಇದೀನಲ್ಲ," ಎಂದ ಓಬೆಡ್, ನಿಜವಾಗಿಯೂ ಅರ್ಥವಾಗದೆ.

ಡೊರ್ಕಸ್ ಮಗನ ತಟ್ಟೆಗೆ ಉಪ್ಪು ಹಾಕಿದ ಹಂದಿಮಾಂಸದ ತುಂಡು ಬಡಿಸುತ್ತ, "ಇವನು ಹುಟ್ಟಿದಾಗಲೂ ಅಳಲಿಲ್ಲ," ಎಂದಳು. "ಸೂಲಗಿತ್ತಿ ಹೊಡೆದ ಮೇಲೆ ಅತ್ತಿದ್ದು. ಅದೂ ಆಕೆ ಮುಖ ನೋಡಿ, ಮರ್ಯಾದೆಗೆ."

ಬೆಳಿಗ್ಗೆ ನಗಾರಿಯ ಸದ್ದಿಗೆ ಎಲ್ಲರೂ ದಿಣ್ಣೆ ಹತ್ತಿದರು. ಗಂಡಸರು ಆ ಕಡೆ, ಹೆಂಗಸರು ಈ ಕಡೆ. ಸಭಾಮಂದಿರದೊಳಗೆ ಬಾಯಿ ತೆರೆದರೆ ಹಬೆ. ಎಲ್ಲರ್ಬಿ ಪಾದ್ರಿ ಮರಳುಗಡಿಯಾರವನ್ನು ತಿರುಗಿಸಿಟ್ಟು ಯೋಬನ ಗ್ರಂಥಕ್ಕೆ ಇಳಿದರು. ಜೆರೂಶಾ ಗಡಿಯಾರದ ಮರಳನ್ನು ನೋಡುತ್ತಿದ್ದಳು. ಅದು ಇನ್ನೇನು ಮುಗಿಯಿತು ಎನ್ನುವಾಗ ಪಾದ್ರಿ ಅದನ್ನು ಮತ್ತೊಮ್ಮೆ ತಿರುವಿದರು. ಜೀವನದಲ್ಲಿ ಮೊದಲ ಬಾರಿಗೆ ಅವಳಿಗೆ ಅದರಿಂದ ಸಮಾಧಾನವಾಯಿತು. ಮಡಿಲಲ್ಲಿದ್ದ ಹುಲ್ದಾಳನ್ನು ಅತ್ತೆಗೆ ದಾಟಿಸುವಾಗ ಕೈಗಳು ಬೆವರಿದ್ದವು. ಇದೇ ಇರಬಹುದೆ ಎಂದು ಪರೀಕ್ಷಿಸಿಕೊಂಡಳು. ಅಲ್ಲ. ಇದು ಜನರ ಮುಂದೆ ಮಾತಾಡುವ ಹೆದರಿಕೆ. ಹಿರಿಯ ಗ್ರೈಸ್ ಕೂಡ ಇದ್ದಾರೆ ಎಂಬ ಹೆದರಿಕೆ. ಇದರಲ್ಲಿ ದೇವರಿಗೆ ಪಾಲಿರಲಿಲ್ಲ.

ಹೆಸರು ಕರೆದಾಗ ಎದ್ದು, ವೇದಿಕೆಯ ಮುಂದಿನ ಹಲಗೆಯ ಮೇಲೆ ಸಭೆಗೆ ಮುಖಮಾಡಿ ನಿಂತಳು. ಹೆಂಗಸರ ಬೆಂಚುಗಳ ಬಿಳಿ ಟೋಪಿಗಳೆಲ್ಲ ಒಂದೇ ಸಲ ಅವಳತ್ತ ಹೊರಳಿದವು.

"ನನ್ನ ಯೌವನವನ್ನು ನಾನು ನಿರ್ಲಕ್ಷ್ಯದಲ್ಲಿ ಕಳೆದೆ," ಎಂದಳು. ಅಲ್ಲಿಯವರೆಗೆ ಸರಿಯಾಗಿತ್ತು, ನಿಜವೂ ಆಗಿತ್ತು. "ಒಂದು ದಿನ ನನ್ನ ಕಾಲ ಕೆಳಗಿನ ನೆಲ ಬಿರಿಯಿತು. ಒಂದು ಹುಲ್ಲಿನ ಎಸಳನ್ನು ಹಿಡಿದುಕೊಂಡು—" ಇಲ್ಲಿ ನಿಲ್ಲಿಸಬೇಕೆಂದು ಅತ್ತೆ ಹೇಳಿದ್ದಳು, ನಿಲ್ಲಿಸಿದಳು, ಉಸಿರು ತೆಗೆದುಕೊಂಡಳು. ಆ ಮೌನದಲ್ಲಿ ಅವಳು ಕಂಡದ್ದು ತುಟಿಗಳನ್ನು. ಬೆಂಚಿನಿಂದ ಬೆಂಚಿಗೆ ಹೆಂಗಸರ ತುಟಿಗಳು ಅವಳದಕ್ಕಿಂತ ಒಂದು ಮಾತು ಮುಂದೆ ಸದ್ದಿಲ್ಲದೆ ಅಲುಗುತ್ತಿದ್ದವು. ನೇತಾಡುತ್ತಿದ್ದೆ, ನೇತಾಡುತ್ತಿದ್ದೆ. ಯಾರೂ ಹಾಸ್ಯ ಮಾಡುತ್ತಿರಲಿಲ್ಲ. ಕೀರ್ತನೆ ಹಾಡುವಾಗಿನ ಹಾಗೆ ಅಭ್ಯಾಸಬಲದಿಂದ ಅವು ತಾವಾಗಿಯೇ ಆಡುತ್ತಿದ್ದವು. ಎಲ್ಲರಿಗಿಂತ ಮುಂದೆ ಡೊರ್ಕಸಳ ತುಟಿಗಳಿದ್ದವು, ಕೈಬೀಸಿ ಕರೆಯುವ ಹಾಗೆ. ಅವಳ ಮಡಿಲಿನಿಂದ ಹುಲ್ದಾ ತಾಯಿಯನ್ನು ಗುರುತಿಸಿ ಬೊಚ್ಚುಬಾಯಿ ತೆರೆದು ನಕ್ಕಳು. ಜೆರೂಶಾಳ ಮುಖ ಕುತ್ತಿಗೆಯಿಂದ ಮೇಲಕ್ಕೆ ಉರಿಯಿತು. ಕದ್ದ ಲಂಗ ಉಟ್ಟುಕೊಂಡು ಅದರ ಒಡತಿಯ ಮನೆಗೇ ಹೋದ ಹಾಗಾಗಿತ್ತು, ಒಡತಿಯೇ ನೆರಿಗೆ ಸರಿಮಾಡಿ ಕಳಿಸಿದ್ದರೂ.

"ಇಲ್ಲ," ಎಂದಳು. "ನೆಲ ಬಿರೀಲಿಲ್ಲ."

ಹಿರಿಯ ಗ್ರೈಸ್ ಮುಂದಕ್ಕೆ ಬಾಗಿದರು. "ಏನಂದ್ರಿ ಸಹೋದರಿ?"

"ನನಗೆ ಯಾವ ನೆಲಾನೂ ಬಿರೀಲಿಲ್ಲ. ನನಗೆ ಹೆದರಿಕೆ ಬರಲ್ಲ. ಬಹಳ ಪ್ರಯತ್ನಪಟ್ಟೆ. ಒಲೆ ಮುಂದೆ ಕೂತೆ. ನಿದ್ದೆ ಬರತ್ತೆ."

ಗಂಡಸರ ಕಡೆ ಬಾಗಿಲ ಬಳಿ ಮಲಗಿದ್ದ ಯಾರದೋ ನಾಯಿ ಎದ್ದು ಮೈ ಕೊಡವಿ ಮತ್ತೆ ಮಲಗಿತು. ಅದರ ಸದ್ದು ಪೂರ್ತಿ ಕೇಳಿಸಿತು.

"ದೇವರ ಕೋಪಕ್ಕೂ ಹೆದರಿಕೆ ಇಲ್ವಾ?" ಎಂದರು ಗ್ರೈಸ್. ಅವರ ಧ್ವನಿಯಲ್ಲಿ ವಸಂತದ ಆ ದಿನದ ದಣಿವಿತ್ತು. ಈ ಮನೆಯವರನ್ನು ಏನು ಮಾಡುವುದು ಎಂಬ ದಣಿವು.

"ಇರಬೇಕು ಅಂತ ಗೊತ್ತು. ಬೇರೆಯವರಿಗೆಲ್ಲ ಬರತ್ತೆ. ನನಗೆ ಮಾತ್ರ ಯಾಕೆ ಬರ್ತಿಲ್ಲ ಅಂತ ದಿನವಿಡೀ ಅದೇ ಯೋಚನೆ. ಕೆಲಸ ಮಾಡೋವಾಗಲೂ ಅದೇ. ನನ್ನೊಳಗೆ ಏನೋ ಹಾಕೋದನ್ನೇ ಮರೆತಿದಾರೆ ಅನ್ಸತ್ತೆ. ಅದನ್ನ ಕಂಡ್ರೆ ನನಗೆ..." ಅವಳು ಮಾತಿಗಾಗಿ ತಡಕಾಡಿದಳು. ನಾಚಿಕೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ನಾಚಿಕೆ, ಸ್ವಲ್ಪ ಬೇಜಾರು.

ಎಲ್ಲರ್ಬಿ ಪಾದ್ರಿ ವೇದಿಕೆಯ ಮೇಲೆ ಎದ್ದು ನಿಂತಿದ್ದರು. ಅವರ ಮುದಿ ಕಣ್ಣುಗಳು ಹೊಳೆಯುತ್ತಿದ್ದವು. "ಭಯ?" ಎಂದರು ಮೆಲ್ಲಗೆ. "ಅದನ್ನ ಕಂಡ್ರೆ ನಿನಗೆ ಭಯವಾಗತ್ತೆ, ಅಲ್ವೇನಮ್ಮ?"

ಎದುರಿಗೆ ಬಾಗಿಲೊಂದು ತಾನಾಗಿ ತೆರೆದು ನಿಂತಿತ್ತು. ಅದರ ಆಚೆ ನೀರಿನ ಬೋಗುಣಿ ಇತ್ತು. ಜೆರೂಶಾ ಮಾತುಗಳ ವಿಷಯದಲ್ಲಿ ಎಚ್ಚರದವಳು; ಉಪ್ಪು ಎನ್ನಬೇಕಾದಲ್ಲಿ ಸಪ್ಪೆ ಅಲ್ಲ ಎಂದು ಹೇಳುವವಳಲ್ಲ. ನಾಚಿಕೆಗೂ ಭಯಕ್ಕೂ ನಡುವಿನ ದೂರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಲ್ದಾ ಅಜ್ಜಿಯ ಟೋಪಿಯ ದಾರವನ್ನು ಬಾಯಿಗೆ ಹಾಕಿಕೊಂಡಿದ್ದಳು.

"ಹೌದು," ಎಂದಳು.

ಪಾದ್ರಿ ಕಣ್ಣು ಮುಚ್ಚಿದರು. "ಭಯವಿಲ್ಲವೆಂಬ ಭಯ," ಎಂದರು, ಸಭೆಗೆ, ಚಾವಣಿಗೆ, ಚಾವಣಿಯಾಚೆಗೆ. "ಕೇಳಿದಿರಾ? ನಾವೆಲ್ಲ ಬೆಂಕಿಗೆ ಹೆದರಿದೆವು. ಬೆಂಕಿಗೆ ದನವೂ ಹೆದರುತ್ತದೆ. ಈ ಹೆಣ್ಣುಮಗಳು ತನ್ನ ಹೃದಯದ ಕಲ್ಲಿಗೇ ಹೆದರಿದಳು!" ಹೆಂಗಸರ ಕಡೆ ಯಾರೋ ಬಿಕ್ಕಿದರು. ಹಿರಿಯ ಗ್ರೈಸ್ ತುಸು ಹೊತ್ತು ನಂಬಲೋ ಬೇಡವೋ ಎಂಬಂತೆ ಗಲ್ಲ ಕೆರೆದುಕೊಂಡು, ಆಮೇಲೆ ಉಳಿದವರಿಗಿಂತ ತಡವಾಗಬಾರದೆಂದು ಕೈ ಎತ್ತಿದರು. ಅವಳನ್ನು ಸೇರಿಸಿಕೊಳ್ಳಲು ಒಪ್ಪಿ ಗಂಡಸರ ಕಡೆ ಆಗಲೇ ಕೈಗಳು ಮೇಲೆದ್ದಿದ್ದವು. ಓಬೆಡನ ಕೈಯೂ ಹೆಮ್ಮೆಯಿಂದ ಅರ್ಧ ಎದ್ದಿತು. ತಾನು ಸದಸ್ಯನಲ್ಲ ಎಂದು ನೆನಪಾಗಿ, ಅದು ಅಷ್ಟೇ ದೂರದಲ್ಲಿದ್ದ ಕಿವಿಯನ್ನು ತುರಿಸಿಕೊಂಡು ಕೆಳಗಿಳಿಯಿತು. ಮಧ್ಯಾಹ್ನದ ಪ್ರಸಂಗ ಮುಗಿದ ಮೇಲೆ ಮಗುವಿಗೆ ದೀಕ್ಷಾಸ್ನಾನ ಎಂದು ಪಾದ್ರಿ ಸಾರಿದರು.

ಎರಡು ಪ್ರಸಂಗಗಳ ನಡುವೆ ಜನ ಪಕ್ಕದ ಬೆಂಕಿಮನೆಯಲ್ಲಿ ಮೈ ಕಾಯಿಸಿಕೊಳ್ಳುತ್ತ ರೊಟ್ಟಿ, ಗಿಣ್ಣು ಬಿಚ್ಚುತ್ತಾರೆ. ಜೆರೂಶಾಗೆ ಬೆಂಕಿಯ ಹತ್ತಿರ ಜಾಗ ಬಿಟ್ಟುಕೊಟ್ಟರು. ಅವಳು ಅಲ್ಲಿ ಕೂತಳು, ಬೆಚ್ಚಗಾಯಿತು, ಬೆಚ್ಚಗಾದದ್ದಕ್ಕೆ ಮುಖ ಸಣ್ಣದಾಯಿತು. ಅದನ್ನು ನೋಡಿ ಎದುರಿಗಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ, "ನೋಡೇ, ಇನ್ನೂ ಆ ಭಯ ಬಿಟ್ಟಿಲ್ಲ ಪಾಪ," ಎಂದಳು. ಯಾವ ಮಾತಿಗೆ ತಾನು ಹೌದೆಂದೆ? ಒಂದೇ ಒಂದು ಹೌದು. ಅದೂ ತಾನು ತಂದ ಮಾತಲ್ಲ, ಪಾದ್ರಿಯೇ ಕೈಗಿಟ್ಟದ್ದು. ಕೊಟ್ಟವರದು ತಪ್ಪೋ ತೆಗೆದುಕೊಂಡವಳದೋ? ಅವಳು ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡಿದಳು. ಡೊರ್ಕಸ್ ತನ್ನ ಪಾಲಿನ ಗಿಣ್ಣನ್ನು ನೆಟ್ಟಗೆ ಕೂತು ತಿನ್ನುತ್ತಿದ್ದಳು.

"ಅರ್ಧಕ್ಕೇ ಬಿಟ್ಟೆಯಲ್ಲ," ಎಂದಳು ಕೊನೆಗೆ.

"ಏನು ಅತ್ತೆ?"

"ನನ್ನದನ್ನ. ಹುಲ್ಲೆಸಳು ಹಿಡ್ಕೊಂಡಲ್ಲಿಗೇ ಕೈಬಿಟ್ಟೆ. ವಚನ ಬರೋದು ಆಮೇಲೆ. ಚೆನ್ನಾಗಿರೋದೇ ಅಲ್ಲಿಂದ ಮುಂದೆ." ಉಳಿದ ಗಿಣ್ಣನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. "ಇರಲಿ. ಈಗ ಎಲ್ರಿಗೂ ನಿಂದೇ ಬೇಕಾಗತ್ತೆ ಬಿಡು. ಬೆಂಕಿ ನರಕ ಎಲ್ಲ ಹಳೇದಾಯ್ತು."

ಅತ್ತೆ ಹೇಳಿದ್ದು ನಿಜ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಜಾಯಾ ಜನರ ನಡುವೆ ಒರಸಿಕೊಂಡು ಬಂದು ಅವಳ ಮೊಣಕಾಲ ಬಳಿ ಕುಕ್ಕರಿಸಿದಳು. ಕಣ್ಣು ಅತ್ತು ಕೆಂಪಾಗಿತ್ತು.

"ಅಕ್ಕಾ, ನನ್ನ ಗತಿ ಏನು? ನನಗೆ ಬರೀ ಹೆದರಿಕೆ ಆಗತ್ತೆ. ಸಾದಾ ಹೆದರಿಕೆ. ದನಕ್ಕೂ ಆಗತ್ತೆ ಅಂದ್ರಲ್ಲ ಅಯ್ಯನವರು, ಅದೇ. ಹೆದರಿಕೆ ಆಗದೆ ಇರೋ ಹಾಗೆ ಹೇಗೆ ಮಾಡ್ಕೊಂಡ್ರಿ? ನಾನು ಬೆಳಿಗ್ಗೆಯಿಂದ ಪ್ರಯತ್ನ ಪಡ್ತಿದೀನಿ. ಆಗ್ತಾನೇ ಇಲ್ಲ."

"ಕೆಜಾಯಾ," ಜೆರೂಶಾ ಅವಳ ಕೈ ಹಿಡಿದು ಧ್ವನಿ ತಗ್ಗಿಸಿದಳು. "ನಾನು ಸುಳ್ಳು ಹೇಳ್ದೆ ಕಣೇ. ನನಗೆ ಭಯ ಆಗಿರಲಿಲ್ಲ. ನಾಚಿಕೆ ಆಗಿತ್ತು. ನಿನಗೆ ಆಗೋದೇ ನಿಜವಾದದ್ದು. ಅದನ್ನೇ ಹೇಳು."

ಕೆಜಾಯಾಳ ಬಾಯಿ ತೆರೆಯಿತು. ನಿಧಾನವಾಗಿ ಅವಳ ಮುಖದ ಮೇಲೆ ಭಕ್ತಿ ಹರಡಿಕೊಂಡಿತು. "ಕೊನೇಗೆ ಹಾಗೂ ಅನ್ಸತ್ತಾ ಅಕ್ಕಾ?" ಎಂದು ಪಿಸುಗುಟ್ಟಿದಳು. "ಎಲ್ಲಾನೂ ಸುಳ್ಳು ಅಂತ? ಅಷ್ಟು ಆಳಕ್ಕೆ ಹೋಗತ್ತಾ?"

ಜೆರೂಶಾ ಅವಳ ಕೈ ಬಿಟ್ಟು ಎದ್ದಳು. ಕೂಸನ್ನು ಎತ್ತಿಕೊಂಡು, ರೊಟ್ಟಿಯ ಪುಡಿ ಉದುರಿಸುತ್ತ ಹೊರಗೆ ಬಂದಳು. ಪಾದ್ರಿ ಸಭಾಮಂದಿರದ ಮೂಲೆಯಲ್ಲಿ ಗಾಳಿಗೆ ಬೆನ್ನು ಮಾಡಿ ಸೇಬು ಕಡಿಯುತ್ತಿದ್ದರು. ಒಬ್ಬರೇ ಇದ್ದರು. ಈಗಲ್ಲದಿದ್ದರೆ ಇಲ್ಲ. ಹೇಳಿದರೆ ನೀರು ನಿಲ್ಲುತ್ತದೆ, ಓಬೆಡನ ಮುಖ ಬೀಳುತ್ತದೆ, ಹುಲ್ದಾ ಮತ್ತೆ ಬೇಲಿಯಾಚೆಗೆ. ಹೇಳದಿದ್ದರೆ ತಾನು ಆ ನೀರನ್ನು ಕದ್ದ ಹಾಗೆ. ಕಾಲುಗಳು ಅವಳನ್ನು ಕೇಳದೆ ನಡೆದವು.

"ಅಯ್ಯನವರೇ, ಬೆಳಿಗ್ಗೆ ನಾನು ಹೌದು ಅಂದದ್ದು ಸರಿಯಲ್ಲ. ಭಯ ಅಲ್ಲ ಅದು. ನಾಚಿಕೆ. ಮಗುಗೋಸ್ಕರ ಹೌದು ಅಂದುಬಿಟ್ಟೆ."

ಪಾದ್ರಿ ಸೇಬನ್ನು ನುಂಗಿ, ಬಹಳ ಕರುಣೆಯಿಂದ ಅವಳನ್ನು ನೋಡಿದರು. "ಇಷ್ಟು ಬೇಗ ಬಂದನೇ," ಎಂದರು.

"ಯಾರು?"

"ಸೈತಾನ ತಾಯಿ. ಮಧ್ಯಾಹ್ನದ ಊಟಕ್ಕೂ ಬಿಡಲಿಲ್ಲ ನಿನ್ನನ್ನ. ನನ್ನದು ಸುಳ್ಳು, ನನ್ನದು ಕಪಟ ಅಂತ ಕಿವಿಯಲ್ಲಿ ಊದ್ತಾನೆ. ಕೃಪೆ ಇಲ್ಲದವರ ಹತ್ತಿರ ಅವನಿಗೆ ಏನು ಕೆಲಸ? ನಿಜವಾಗಿ ಸುಳ್ಳು ಹೇಳಿದವಳು ಹೀಗೆ ಊಟ ಬಿಟ್ಟು ಬರ್ತಿದ್ಲಾ, ನೀನೇ ಹೇಳು."

"ಆದ್ರೆ ನಾನು ನಿಜವಾಗಿಯೇ..."

"ಗೊತ್ತು. ಗೊತ್ತು. ಕೊನೇವರೆಗೂ ಹೀಗೇ ಅನ್ನಿಸ್ತಾ ಇರತ್ತೆ," ಎಂದು ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಕೈ ಸೇಬಿನ ರಸದಿಂದ ಅಂಟಂಟಾಗಿತ್ತು.

ಒಳಗೆ ಹೋಗಿ ಕೂತ ಮೇಲೂ ಅವಳ ಟೋಪಿಯಲ್ಲಿ ಸೇಬಿನ ವಾಸನೆ ಬರುತ್ತಿತ್ತು. ಮಧ್ಯಾಹ್ನದ ಪ್ರಸಂಗ ಎಲ್ಲಿಂದ ಶುರುವಾಯಿತು, ಎಲ್ಲಿ ಮುಗಿಯಿತು, ಅವಳಿಗೆ ತಿಳಿಯಲಿಲ್ಲ. ಅವಳು ಹೊರಕ್ಕೆ ಹೋಗುವ ದಾರಿ ಹುಡುಕುತ್ತಿದ್ದಳು. ನಿಜ ಹೇಳಿದರೆ ವಿನಯ, ಸುಮ್ಮನಿದ್ದರೆ ಗಾಂಭೀರ್ಯ, ಅತ್ತರೆ ಕೃಪೆ, ನಕ್ಕರೆ ಬಹುಶಃ ಅದಕ್ಕಿಂತ ದೊಡ್ಡ ಕೃಪೆ. ಇಷ್ಟು ದಿನ ಹೊರಗಿನಿಂದ ಒಳಕ್ಕೆ ಒಂದು ಸಂದಿಯೂ ಕಾಣದ ಬೇಲಿ, ಒಳಗೆ ಬಂದವಳಿಗೆ ಹೊರಗಿನದಕ್ಕಿಂತ ಗಟ್ಟಿಯಾಗಿ ಕಾಣಿಸಿತು. ಆದರೂ, ಇದನ್ನೂ ಅವಳು ತನ್ನಿಂದ ಮುಚ್ಚಿಡಲಿಲ್ಲ, ಎಲ್ಲೋ ಒಂದು ಮೂಲೆಯಲ್ಲಿ ಸಂತೋಷವಾಗುತ್ತಿತ್ತು. ಹೇಳಿದ್ದಾಯಿತು, ನಂಬದಿದ್ದರೆ ಅದು ಅವರ ಕೆಲಸ, ಮಗು ಒಳಗೆ ಬರುತ್ತದೆ. ಆ ಸಂತೋಷ ಚಿಪ್ಪು ಅಗೆಯುವ ಬೆಳಗಿನದರ ಹಾಗೆಯೇ ಇದೆಯೋ ಎಂದು ನೋಡಿದಳು. ಇರಲಿಲ್ಲ. ಇದಕ್ಕೆ ಒಂದು ಬಗೆಯ ಜಾಣತನದ ರುಚಿ ಇತ್ತು.

ತಂದೆ ಒಡಂಬಡಿಕೆಯ ಹೊರಗಿದ್ದುದರಿಂದ ತಾಯಿಯೇ ಮಗುವನ್ನು ತರಬೇಕೆಂದರು. ಓಬೆಡನ ಬೆಂಚನ್ನು ದಾಟುವಾಗ ಅವನು ಹುಲ್ದಾಳ ಪಾದವನ್ನು ಒಮ್ಮೆ ಹಿಡಿದು ಬಿಟ್ಟ. ಬೋಗುಣಿಯ ಅಂಚಿನಲ್ಲಿ ನೀರು ತೆಳ್ಳಗೆ ಹೆಪ್ಪುಗಟ್ಟಿತ್ತು. ಪಾದ್ರಿ ಅದನ್ನು ಬೆರಳ ಗೆಣ್ಣಿನಿಂದ ಒಡೆದರು.

"ಕೊಡಮ್ಮ," ಎಂದರು ಕೈ ಚಾಚಿ.

ಜೆರೂಶಾ ಮುಂದಕ್ಕೆ ಬಾಗಿದಳು. ಹಿಂದೆ ಬೆಂಚುಗಳು ಕಿರುಗುಟ್ಟಿದವು, ಎಲ್ಲರೂ ಕತ್ತು ಉದ್ದ ಮಾಡುತ್ತಿದ್ದರು, ಹೆಂಗಸರ ಸಾಲಿನಲ್ಲಿ ಕೆಜಾಯಾಳ ತುಟಿಗಳು ಏನನ್ನೋ ಬಾಯಿಪಾಠ ಮಾಡುತ್ತಿದ್ದವು. ಆಗ ಹೊಳೆಯಿತು. ತಾನು ಬೆಳಿಗ್ಗೆ ನಿಂತಿದ್ದ ಹಲಗೆಯ ಮೇಲೆಯೇ ಈಗ ನಿಂತಿದ್ದಾಳೆ. ಇದೇ ಹಲಗೆಯ ಮೇಲೆ ಒಂದು ದಿನ ಹುಲ್ದಾ ನಿಲ್ಲಬೇಕು. ಒಳಗೆ ಬಂದವರ ಮಕ್ಕಳು ಬೆಳೆದ ಮೇಲೆ ಮಾಡುವುದು ಅದನ್ನೇ ತಾನೆ? ಕೈಗೆ ಸಿಕ್ಕಿದ್ದನ್ನು ಬಡಿಯುತ್ತ ನಗುವ ಇವಳು, ಒಲೆಯ ಮುಂದೆ ಮಣೆ ಹಾಕಿಕೊಂಡು, ಬೆರಳು ಚಾಚಿ, ತನ್ನೊಳಗೆ ಇಲ್ಲದ್ದನ್ನು ಹುಡುಕುತ್ತ ಕೂರುತ್ತಾಳೆ. ಆಗ ಅವಳ ಬೆನ್ನ ಹಿಂದೆ ನಿಂತು, ಬಂತೇನೇ, ಎಂದು ಕೇಳುವವಳು ಯಾರು? ಜೆರೂಶಾಗೆ ಅಂಗಾಲಿನಿಂದ ಏನೋ ತಣ್ಣಗೆ ಮೇಲಕ್ಕೆ ಹತ್ತಿತು. ಮೊಣಕಾಲು ದಾಟಿತು, ಹೊಟ್ಟೆ ದಾಟಿತು, ಗಂಟಲಲ್ಲಿ ನಿಂತಿತು. ಅದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆದರೂ ಯಾರೂ ಹೆಸರು ಹೇಳಿಕೊಡಬೇಕಾಗಿರಲಿಲ್ಲ. ಕೈಗಳು ಮಗುವನ್ನು ಬಿಡಲು ಒಪ್ಪಲಿಲ್ಲ. ಕೊಡಮ್ಮ, ಎಂದು ಪಾದ್ರಿ ಮತ್ತೊಮ್ಮೆ ಹೇಳಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಮೈ ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು, ಹಲ್ಲ ಸದ್ದು ಮುಂದಿನ ಬೆಂಚಿಗೂ ಕೇಳಿಸುತ್ತಿತ್ತು, ಮತ್ತು ಹಿರಿಯ ಗ್ರೈಸ್, ಬೆಳಗಿನಿಂದ ಮನಸ್ಸಿನಲ್ಲಿ ಉಳಿದಿದ್ದ ಒಂದು ಸಂಶಯ ತೀರಿದವರಂತೆ, ಪಕ್ಕದವನ ಕಡೆ ತಿರುಗಿ ತೃಪ್ತಿಯಿಂದ ತಲೆಯಾಡಿಸಿದರು. ನೀರು ಬಿದ್ದಾಗ ಹುಲ್ದಾ ಒಮ್ಮೆ ಸೀನಿದಳು. ಆಮೇಲೆ ಪಾದ್ರಿಯ ಕತ್ತಿನ ಬಿಳಿ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವರ ಮುಖವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡು, ಇದೇನಿರಬಹುದು ಎಂದು ನೋಡತೊಡಗಿದಳು.